ತಾಳೆಯಾಗದ ಲೆಕ್ಕ

ನಮ್ಮಮ್ಮ ಹಳೆಯ ಡೈರಿಯೊಂದರಲ್ಲಿ ಮನೆಖರ್ಚು ಬರೆದಿಡುತ್ತಿದ್ದಳು. ಹಾಲಿಗಿಷ್ಟು, ಸೊಪ್ಪಿಗಿಷ್ಟು, ಸೀಮೆಎಣ್ಣೆಗಿಷ್ಟು. ತಿಂಗಳ ಕೊನೆಗೆ ಅಪ್ಪ ಅದನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಸಂಬಳಕ್ಕೂ ಡೈರಿಗೂ ಎಂದೂ ತಾಳೆಯಾಗುತ್ತಿರಲಿಲ್ಲ. "ಮಿಕ್ಕ ದುಡ್ಡು ಎಲ್ಲಿ ಹೋಯಿತೇ?" ಎಂದರೆ ಅಮ್ಮ ತಲೆ ತಗ್ಗಿಸುತ್ತಿದ್ದಳು. ಆ ವ್ಯತ್ಯಾಸವನ್ನು ಅಪ್ಪ ಹಾಲು, ಸೊಪ್ಪು, ಎಣ್ಣೆಗಳ ಮೇಲೆಲ್ಲ ಸಮನಾಗಿ ಹಂಚಿ ಪುಟ ಮುಚ್ಚುತ್ತಿದ್ದರು. ಅವರ ಹೋಟೆಲ್ ಕಾಫಿ, ಸಿಗರೇಟು, ಇಸ್ಪೀಟು ಮಾತ್ರ ಯಾವ ಪುಟದಲ್ಲೂ ಇರುತ್ತಿರಲಿಲ್ಲ.

ದೇಶದ ಲೆಕ್ಕದಲ್ಲೂ ಇಂಥದೇ ಒಂದು ಜಗಳವಿದೆಯೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ದಾದಾಭಾಯಿ ನವರೋಜಿಯವರು 1867-68ರ ಲೆಕ್ಕ ಹಾಕಿ, ಭಾರತೀಯನ ವಾರ್ಷಿಕ ವರಮಾನ ತಲೆಗೆ 20 ರೂಪಾಯಿ ಎಂದರು. ಜೈಲಿನ ಕೈದಿಯ ಅನ್ನಬಟ್ಟೆಗೂ ಅದು ಸಾಲದೆಂದು ತೋರಿಸಿದರು. ಮುಂದೆ ವಿ.ಕೆ.ಆರ್.ವಿ. ರಾವ್ 1931-32ಕ್ಕೆ ಲೆಕ್ಕ ಹಾಕಿದಾಗ ಬಂದದ್ದು 62 ರೂಪಾಯಿ. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರೂ ಇವರೇ. ಆದರೆ ತಲೆಗಿಷ್ಟು ಎನ್ನುವುದು ಸರಾಸರಿ. ಯಾರ ತಟ್ಟೆಗೆ ಎಷ್ಟು ಬಿತ್ತೆಂದು ಅದು ಹೇಳುವುದಿಲ್ಲ.

1950ರಲ್ಲಿ, ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಮನೆಬಾಗಿಲಿಗೆ ಬಂದು, ಕಳೆದ 30 ದಿನದಲ್ಲಿ ಅಕ್ಕಿ ಎಷ್ಟು, ಬೇಳೆ ಎಷ್ಟು ಎಂದು ಕೇಳುವ ಕ್ರಮ. ಎರಡು ಯೋಜನೆಗಳಲ್ಲಿ ಹೆಚ್ಚಿದ ವರಮಾನ ಯಾರ ಪಾಲಾಯಿತೆಂದು ತಿಳಿಯಲು 1960ರಲ್ಲಿ ಅವರದೇ ಅಧ್ಯಕ್ಷತೆಯಲ್ಲಿ ಸಮಿತಿಯೂ ಆಯಿತು.

ಸಮಿತಿಯ ವರದಿ ಬರುವ ಮೊದಲೇ, 1963ರಲ್ಲಿ, ಲೋಕಸಭೆಯಲ್ಲಿ ಜಗಳ ಹತ್ತಿತು. ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆಂದರು ರಾಮಮನೋಹರ ಲೋಹಿಯಾ. ಇಲ್ಲ, 15 ಆಣೆ ಎಂದರು ನೆಹರೂ. ನೆಹರೂ ಹೇಳಿದ್ದು ಇಡೀ ದೇಶದ ಸರಾಸರಿ. ಲೋಹಿಯಾ ಕೇಳಿದ್ದು ಕೆಳಗಿನವರ ಪಾಲು. ಉಳ್ಳವರ ಗಂಟನ್ನೂ ಇಲ್ಲದವರ ಗಂಟನ್ನೂ ಒಟ್ಟಿಗೆ ಸುರಿದು ಭಾಗಿಸಿದರೆ 15 ಆಣೆ ಬಂದೀತು. ಹಾಗೆಂದು ಕೂಲಿಯವಳ ಸೆರಗಿನಲ್ಲಿ 15 ಆಣೆ ಇರುತ್ತದೆಯೇ?

ಇನ್ನೊಂದು ತೊಡಕಿತ್ತು. ಸರ್ಕಾರ ಉತ್ಪಾದನೆಯಿಂದ ಲೆಕ್ಕ ಹಾಕುವ ಮನೆವಾರು ಬಳಕೆಗೂ ಸಮೀಕ್ಷೆಯ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅಂತರ ಸಣ್ಣದಿತ್ತು. ಈ ಶತಮಾನದ ಮೊದಲ ದಶಕಕ್ಕೆ ಬರುವಾಗ ಸಮೀಕ್ಷೆಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧ. ಶ್ರೀಮಂತರ ಗೇಟು ಸುಲಭಕ್ಕೆ ತೆರೆಯದು, ತೆರೆದರೂ ಬಾಯಿ ಬಿಡರು. ಸ್ವಂತ ಮನೆಯಲ್ಲಿರುವವರಿಗೂ ಸರ್ಕಾರ ಬಾಡಿಗೆ ಕಟ್ಟಿ ಸೇರಿಸುತ್ತದೆ. ಸಮೀಕ್ಷೆಯಲ್ಲಿ ಅದು ಬರುವುದಿಲ್ಲ.

ಯೋಜನಾ ಆಯೋಗ ಏನು ಮಾಡಿತು ಗೊತ್ತೇ? ಥೇಟ್ ನಮ್ಮಪ್ಪ ಮಾಡಿದ್ದನ್ನೇ! ಕಾಣೆಯಾದ ಹಣವನ್ನು ಬಡವರು, ಬಲ್ಲಿದರೆನ್ನದೆ ಎಲ್ಲರ ಖರ್ಚಿಗೂ ಒಂದೇ ಪ್ರಮಾಣದಲ್ಲಿ ಏರಿಸಿತು. ಕಾಗದದ ಮೇಲೆ ಬಡವಿಯೂ ಹೆಚ್ಚು ಉಂಡಳು, ಬಡತನ ಇಳಿಯಿತು. ಹೀಗೆ ಮಾಡಬೇಡಿ ಎಂದದ್ದು ಲಕಡಾವಾಲಾ ತಜ್ಞರ ತಂಡದ 1993ರ ವರದಿ. ಈಚೆಗೆ ಅರ್ಥಶಾಸ್ತ್ರಜ್ಞರು ತೆರಿಗೆ ದಾಖಲೆಗಳನ್ನೂ ಸೇರಿಸಿ, ತಪ್ಪಿಸಿಕೊಂಡ ಹಣವನ್ನು ಅದರ ಒಡೆಯರ ಹೆಸರಿಗೇ ಬರೆಯಲು ನೋಡುತ್ತಿದ್ದಾರೆ. ಲೆಕ್ಕ ತಾಳೆಯಾದರೆ ಸಾಲದು, ಸರಿಯಾದವರ ಖಾತೆಗೆ ಹೋಗಬೇಕು.

ಆದರೂ ಈ ಲೆಕ್ಕಗಳೆಲ್ಲ ನಮ್ಮ ಹೊಸ್ತಿಲಲ್ಲೇ ನಿಂತುಬಿಡುತ್ತವೆ. ಮನೆಯೊಳಗೆ ಎಲ್ಲರಿಗೂ ಸಮಪಾಲು ಎಂದೇ ಅವುಗಳ ನಂಬಿಕೆ. ಅಮ್ಮನಿಗೆ ರಕ್ತಹೀನತೆ ಎಂದು ಡಾಕ್ಟರು ಹೇಳಿದ ದಿನ ಅಪ್ಪ ಬೆಪ್ಪಾದರು. "ಸಾಮಾನು ತಂದುಹಾಕುವುದರಲ್ಲಿ ನಾನೇನೂ ಕಡಿಮೆ ಮಾಡಿರಲಿಲ್ಲವಲ್ಲ!" ಎಂದರು. ನಿಜ, ಮಾಡಿರಲಿಲ್ಲ. ಎಲ್ಲರದೂ ಆದ ಮೇಲೆ ಅಮ್ಮ ಪಾತ್ರೆಯ ತಳ ಕೆರೆದು ಉಣ್ಣುತ್ತಿದ್ದುದನ್ನು ಅವರು ನೋಡಿರಲಿಲ್ಲ, ಅಷ್ಟೆ.

ಆ ಡೈರಿ ಈಗ ನನ್ನ ಬಳಿ ಇದೆ. ಹುಡುಕಿ ನೋಡಿದೆ. ಅಪ್ಪನ ಚಪ್ಪಲಿ, ನನ್ನ ಲಂಗ, ತಮ್ಮನ ಫೀಸು ಎಲ್ಲವೂ ಇವೆ. ಅಮ್ಮನಿಗೆಂದು ಬರೆದ ಒಂದು ಸಾಲೂ ಇಲ್ಲ.