ಹಳೆಯ ಹಾಲಿನ ಕ್ಯಾನಿಗೆ ಹೊಸ ಹೊಳಪು: ಅಲ್ಯೂಮಿನಿಯಂ ತಿಕ್ಕುವ ಮುನ್ನ ತಿಳಿದಿರಬೇಕಾದದ್ದು

ಹಾಲು, ರೇಷ್ಮೆ, ಚಿನ್ನ ಎಂದರೆ ಕೋಲಾರ. ಈ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಡೈರಿಯ ಮುಂದೆ ಸಾಲಾಗಿ ನಿಂತಿರುತ್ತಿದ್ದ ಅಲ್ಯೂಮಿನಿಯಂ ಕ್ಯಾನುಗಳನ್ನು ನೋಡದವರು ಕಡಿಮೆ. ಈಗ ಅನೇಕ ಕಡೆ ಹಾಲು ನೇರವಾಗಿ ಬಲ್ಕ್ ಕೂಲರಿಗೆ, ಅಲ್ಲಿಂದ ಟ್ಯಾಂಕರಿಗೆ ಹೋಗುತ್ತದೆ. ಕೆಲಸವಿಲ್ಲದ ಹಳೆಯ ಕ್ಯಾನುಗಳು ಗುಜರಿ ಅಂಗಡಿ ಸೇರುತ್ತವೆ. ಅಲ್ಲಿಂದ ಕೆಲವು ಮತ್ತೆ ಮನೆಗೆ ಬಂದು ಹೂಕುಂಡವೋ ಸ್ಟೂಲೋ ಬಾಗಿಲ ಪಕ್ಕದ ಅಲಂಕಾರವೋ ಆಗುತ್ತವೆ. ಹಾಗೆ ತಂದವರ ಮೊದಲ ಕೆಲಸ ಅದರ ಮೇಲಿನ ಹಳೆಯ ಬಣ್ಣ ಮತ್ತು ಕಪ್ಪು ತೆಗೆದು ಬೆಳ್ಳಿಯ ಹಾಗೆ ಹೊಳೆಸುವುದು.

ಈ ಕೆಲಸಕ್ಕೆ ನೆರೆಹೊರೆಯವರು ಕೊಡುವ ಸಲಹೆಗಳಲ್ಲಿ ಅರ್ಧ ಉಪಯುಕ್ತ, ಉಳಿದ ಅರ್ಧದಲ್ಲಿ ಒಂದೆರಡು ನಿಜಕ್ಕೂ ಅಪಾಯಕಾರಿ. ಯಾವುದು ಯಾವುದೆಂದು ತಿಳಿಯಲು ಮೊದಲು ಈ ಲೋಹದ ಸ್ವಭಾವ ಗೊತ್ತಿರಬೇಕು.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎನ್ನುವುದು ನಿಜವೇ?

ಹಿಡಿಯುತ್ತದೆ. ಕಬ್ಬಿಣಕ್ಕಿಂತ ಬಹಳ ಬೇಗ ಹಿಡಿಯುತ್ತದೆ. ಹೊಸದಾಗಿ ಕೆರೆದ ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ಆಮ್ಲಜನಕದೊಂದಿಗೆ ಸೇರಿ ಮೇಲೊಂದು ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಲಕ್ಷದಲ್ಲಿ ಅರ್ಧ ಭಾಗಕ್ಕಿಂತ ಹೆಚ್ಚಲ್ಲ. ವ್ಯತ್ಯಾಸ ಇರುವುದು ಮುಂದಿನ ಹಂತದಲ್ಲಿ. ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಒಳಗಿನ ಲೋಹವನ್ನು ಬಯಲು ಮಾಡುತ್ತದೆ. ಅಲ್ಯೂಮಿನಿಯಂನ ಆಕ್ಸೈಡ್ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಎಮರಿ ಪೇಪರಿನ ಮೇಲಿರುವ ಗಡಸು ಕಣಗಳೂ ಬಹುಮಟ್ಟಿಗೆ ಅಲ್ಯೂಮಿನಿಯಂ ಆಕ್ಸೈಡೇ. ಅಂದರೆ ನಾವು ಅಲ್ಯೂಮಿನಿಯಂ ತಿಕ್ಕುವುದು ಅದರದೇ ತುಕ್ಕಿನಿಂದ!

ಈ ರಕ್ಷಾಕವಚಕ್ಕೆ ಎರಡು ಕಡೆಯಿಂದ ಶತ್ರುಗಳಿದ್ದಾರೆ. ಸುಮಾರು 4ರಿಂದ 8.5ರವರೆಗಿನ ಪಿಎಚ್‌ನಲ್ಲಿ ಅದು ಭದ್ರ. ಅದಕ್ಕಿಂತ ಹೆಚ್ಚು ಹುಳಿಯಾದರೂ ಕರಗುತ್ತದೆ, ಹೆಚ್ಚು ಕ್ಷಾರವಾದರೂ ಕರಗುತ್ತದೆ. ಬಹಳ ಜನರಿಗೆ ಹುಳಿಯ ವಿಷಯ ಗೊತ್ತು, ಕ್ಷಾರದ ವಿಷಯ ಗೊತ್ತಿಲ್ಲ. ತಪ್ಪುಗಳೆಲ್ಲ ಆಗುವುದು ಅಲ್ಲೇ.

ಹಾಗಾದರೆ ಆ ಕಪ್ಪು ಏನು?

ಬೋರ್‌ವೆಲ್ ನೀರು ಕಾಯಿಸಿದ ಅಲ್ಯೂಮಿನಿಯಂ ಪಾತ್ರೆ ಒಳಗೆ ಕಪ್ಪಾಗುವುದನ್ನು ನೋಡಿದ್ದೀರಿ. ಗಡಸು ನೀರನ್ನು ಕುದಿಸಿದಾಗ ಅದು ಸ್ವಲ್ಪ ಕ್ಷಾರೀಯವಾಗುತ್ತದೆ. ಆಗ ಆಕ್ಸೈಡ್ ಪದರ ದಪ್ಪವಾಗಿ ಬೆಳೆಯುತ್ತದೆ. ಲೋಹದಲ್ಲಿ ಮತ್ತು ನೀರಿನಲ್ಲಿ ಅಲ್ಪಸ್ವಲ್ಪ ಇರುವ ಕಬ್ಬಿಣದಂಥ ಅಂಶಗಳೂ ಅದರಲ್ಲಿ ಸೇರಿ ಬಣ್ಣ ಕಂದು, ಬೂದು, ಕಪ್ಪಾಗುತ್ತದೆ. ಅದು ವಿಷವಲ್ಲ, ಕೊಳೆಯೂ ಅಲ್ಲ. ಟೊಮೇಟೊ ಸಾರು ಮಾಡಿದ ದಿನ ಅದೇ ಪಾತ್ರೆ ಒಳಗೆ ಫಳಫಳ ಎನ್ನುತ್ತದೆ. ಆ ಪದರ ಹುಳಿಗೆ ಕರಗಿ ಸಾರಿಗೆ ಹೋಯಿತು ಎಂದೇ ಅದರ ಅರ್ಥ. ಕಪ್ಪಾಗಿದ್ದ ಪಾತ್ರೆಗಿಂತ ಆಗತಾನೆ ಹೊಳೆದ ಪಾತ್ರೆಯೇ ಹೆಚ್ಚು ಅಲ್ಯೂಮಿನಿಯಂ ಬಿಟ್ಟುಕೊಟ್ಟಿದೆ.

ಹೊರಗೆ ಬಿಸಿಲು ಮಳೆಯಲ್ಲಿ ಬಿದ್ದ ಕ್ಯಾನಿನ ಮಂಕು ಬೇರೆ ತರಹದ್ದು: ದೂಳು, ಜಿಡ್ಡು, ಸಣ್ಣ ಗೀರುಗಳು, ಅಲ್ಲಲ್ಲಿ ಬಿಳಿ ಪುಡಿ. ಬಿಳಿ ಪುಡಿಯ ಕೆಳಗೆ ಸೂಜಿಮೊನೆಯಂಥ ಗುಳಿಗಳಿದ್ದರೆ ಅದು ಲೋಹವನ್ನೇ ತಿಂದ ಗುರುತು. ಎಷ್ಟು ತಿಕ್ಕಿದರೂ ಆ ಗುಳಿ ತುಂಬುವುದಿಲ್ಲ. ಸುತ್ತಲಿನ ಲೋಹವನ್ನು ಅದರ ಮಟ್ಟಕ್ಕೆ ಇಳಿಸಬೇಕಷ್ಟೇ, ಅದು ಬೇಡ.

ಕಾಸ್ಟಿಕ್ ಸೋಡಾ ಹಾಕಿದರೆ ಬಣ್ಣ ಬೇಗ ಬಿಡುತ್ತದಂತೆ

ಬಿಡುತ್ತದೆ, ಜೊತೆಗೆ ಕ್ಯಾನನ್ನೂ ತಿನ್ನುತ್ತದೆ. ಕಬ್ಬಿಣದ ಗೇಟಿನ ಬಣ್ಣ ತೆಗೆಯಲು ಕೆಲವರು ಬಳಸುವ ಈ ಉಪಾಯವನ್ನು ಅಲ್ಯೂಮಿನಿಯಂ ಮೇಲೆ ಖಂಡಿತ ಮಾಡಬಾರದು. ಕಾಸ್ಟಿಕ್ ದ್ರಾವಣ ಆಕ್ಸೈಡನ್ನು ಕರಗಿಸಿ ಲೋಹಕ್ಕೆ ತಾಗಿದರೆ ಹೈಡ್ರೋಜನ್ ಅನಿಲ ಹೊರಬರುತ್ತದೆ, ದ್ರಾವಣ ತಾನೇ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಕ್ರಿಯೆ ಚುರುಕಾಗುತ್ತದೆ. ಒಂದು ಗ್ರಾಂ ಅಲ್ಯೂಮಿನಿಯಂ ಕರಗಿದರೆ ಸುಮಾರು 1.2 ಲೀಟರ್ ಹೈಡ್ರೋಜನ್. ಒಳಗೆ ತೊಳೆಯೋಣ ಎಂದು ಕಾಸ್ಟಿಕ್ ನೀರು ಸುರಿದು ಕ್ಯಾನಿನ ಮುಚ್ಚಳ ಒತ್ತಿಟ್ಟರೆ ಏನಾದೀತು ಊಹಿಸಿ. ಮುಚ್ಚಳ ಹಾರುತ್ತದೆ, ಕುದಿಯುವ ಕ್ಷಾರ ಮುಖಕ್ಕೆ ಚಿಮ್ಮುತ್ತದೆ. ಕಾಸ್ಟಿಕ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹಾಗೇನಾದರೂ ಆದರೆ ತಕ್ಷಣ ಧಾರಾಳವಾಗಿ ಹರಿಯುವ ನೀರಿನಲ್ಲಿ ಕಣ್ಣು ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ಹುಳಿ ಹಾಕಿ ಕ್ಷಾರವನ್ನು ಸರಿದೂಗಿಸುವ ಬುದ್ಧಿವಂತಿಕೆ ಬೇಡ.

ಬಟ್ಟೆ ಸೋಡಾ, ಸುಣ್ಣದ ನೀರು, ಒಲೆಯ ಬೂದಿ ಇವೂ ಕ್ಷಾರಗಳೇ. ಬೂದಿಯಲ್ಲಿ ತಿಕ್ಕಿದರೆ ಹಿತ್ತಾಳೆ ಪಾತ್ರೆ ಚೆನ್ನಾಗಿಯೇ ಬೆಳಗುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಅಲ್ಯೂಮಿನಿಯಂ ಕ್ಯಾನು ತೊಳೆಯಲೆಂದೇ ಮಾಡಿದ ಡೈರಿ ಮಾರ್ಜಕಗಳಲ್ಲಿ ಸೋಡಿಯಂ ಸಿಲಿಕೇಟ್ ಬೆರೆಸುವುದು ಇದೇ ಕಾರಣಕ್ಕೆ. ಅದು ಲೋಹದ ಮೇಲೆ ತೆಳು ಪದರವಾಗಿ ಕೂತು ಕ್ಷಾರದ ಹೊಡೆತ ತಡೆಯುತ್ತದೆ.

ಇನ್ನು ಬಚ್ಚಲು ತೊಳೆಯುವ ಆಸಿಡ್. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಒಂದು ಕ್ಷಣ ಹೊಳಪು ಕೊಟ್ಟಂತೆ ಮಾಡಿ ಗುಳಿ ಬೀಳಿಸುತ್ತದೆ. ಬ್ಲೀಚಿಂಗ್ ಪೌಡರಿನ ಜೊತೆ ಸೇರಿದರೆ ಕ್ಲೋರಿನ್ ಅನಿಲವೂ ಗ್ಯಾರಂಟಿ.

ಬಣ್ಣ ತೆಗೆಯುವುದು ಹೇಗೆ?

ಹಳೆಯ ಎಣ್ಣೆ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಎಷ್ಟು ಸೀಸವಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಆ ದೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು. ಒದ್ದೆ ಮಾಡಿ ತೆಗೆಯಿರಿ, ಬಿದ್ದದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಎತ್ತಿಡಿ, ತೋಟಕ್ಕೆ ಗುಡಿಸಬೇಡಿ. ಬೆಂಕಿಯಲ್ಲಿ ಸುಡುವುದಂತೂ ಬೇಡವೇ ಬೇಡ.

ಪೇಂಟ್ ರಿಮೂವರ್ ಕೊಳ್ಳುವಾಗ ಅಲ್ಯೂಮಿನಿಯಂಗೆ ಬಳಸಬಹುದೇ ಎಂದು ಡಬ್ಬಿಯ ಮೇಲೆ ನೋಡಿ. ಬಹುಕಾಲ ಇವುಗಳಲ್ಲಿ ಡೈಕ್ಲೋರೋಮೀಥೇನ್ ಎಂಬ ದ್ರಾವಕ ಇರುತ್ತಿತ್ತು. ಅದು ಉಸಿರಿನ ಮೂಲಕ ದೇಹ ಸೇರಿದರೆ ಒಳಗೆ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯಲ್ಲಿ ಬಳಸಿದವರು ಸತ್ತಿರುವುದರಿಂದ ಅಮೆರಿಕದಲ್ಲಿ ಬಣ್ಣ ತೆಗೆಯಲು ಇದನ್ನು ಜನಸಾಮಾನ್ಯರಿಗೆ ಮಾರುವುದನ್ನು 2019ರಲ್ಲಿ ನಿಷೇಧಿಸಿದರು. ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಬಣ್ಣದ ಮೇಲೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೂ ಅನೇಕ ಎಣ್ಣೆ ಬಣ್ಣಗಳು ಮೆತ್ತಗಾಗುತ್ತವೆ. ಬಯಲಿನಲ್ಲೇ ಮಾಡಿ, ಹತ್ತಿರ ಬೀಡಿ ಹಚ್ಚುವವರು ಇರಬಾರದು. ಮೆತ್ತಗಾದ ಬಣ್ಣವನ್ನು ಮರದ ಚಕ್ಕೆಯಿಂದಲೋ ತೆಂಗಿನ ಕರಟದ ಚೂರಿನಿಂದಲೋ ಕೆರೆಯಿರಿ. ಕಬ್ಬಿಣದ ಬ್ರಷ್, ಉಕ್ಕಿನ ನಾರು ಬೇಡ. ಅವುಗಳ ಕಣಗಳು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಚುಚ್ಚಿಕೊಂಡು ಆಮೇಲೆ ಕಂದು ಚುಕ್ಕೆಗಳಾಗುತ್ತವೆ.

ಬಟ್ಟೆ ಕಪ್ಪಾದರೆ ಕೊಳೆ ಹೋಯಿತೆಂದೇ?

ಅಲ್ಲ. ಪಾಲಿಶ್ ಹಚ್ಚಿ ತಿಕ್ಕಿದಾಗ ಬಟ್ಟೆಗೆ ಬರುವ ಕಪ್ಪು ಎಂದರೆ ಅತಿ ಸಣ್ಣ ಅಲ್ಯೂಮಿನಿಯಂ ಮತ್ತು ಆಕ್ಸೈಡ್ ಕಣಗಳು. ಲೋಹದ ಕಣ ಅಷ್ಟು ಸಣ್ಣದಾದರೆ ಬೆಳಕನ್ನು ಹಿಂದಿರುಗಿಸದೆ ಕಪ್ಪಾಗಿ ಕಾಣುತ್ತದೆ. ಇದಕ್ಕೆ ಕೊನೆಯಿಲ್ಲ, ಕ್ಯಾನು ಮುಗಿಯುವವರೆಗೂ ತಿಕ್ಕಿದರೂ ಬಟ್ಟೆ ಕಪ್ಪಾಗುತ್ತಲೇ ಇರುತ್ತದೆ.

ಆದರೆ ಈ ಕಪ್ಪು ಒಂದು ಒಳ್ಳೆಯ ಪರೀಕ್ಷೆ. ಅಮೆರಿಕದ ಏರ್‌ಸ್ಟ್ರೀಮ್ ಎಂಬ ಅಲ್ಯೂಮಿನಿಯಂ ಮೈಯ ಪ್ರವಾಸಿ ಗಾಡಿಗಳನ್ನು ಚಿತ್ರಗಳಲ್ಲಿ ನೋಡಿರಬಹುದು. 1936ರಲ್ಲಿ ಮೊದಲ ‘ಕ್ಲಿಪ್ಪರ್’ ಬಂದಾಗಿನಿಂದ ಅವುಗಳ ಮೈ ವಿಮಾನದ ಮಾದರಿಯದು. ಹಳೆಯ ಗಾಡಿಗಳನ್ನು ಹೊಳೆಸುವವರು ಮೊದಲು ಒಂದು ಮೂಲೆಯಲ್ಲಿ ಪಾಲಿಶ್ ಉಜ್ಜಿ ನೋಡುತ್ತಾರೆ. ಬಟ್ಟೆ ಕಪ್ಪಾದರೆ ಬರಿ ಲೋಹ, ಕಪ್ಪಾಗದಿದ್ದರೆ ಮೇಲೆ ಪಾರದರ್ಶಕ ಲೇಪ ಇದೆ, ಮೊದಲು ಅದನ್ನು ತೆಗೆಯಬೇಕು. ನಿಮ್ಮ ಕ್ಯಾನಿಗೂ ಈ ಪರೀಕ್ಷೆ ಸಾಕು.

ಅವರಿಗೆ ಇನ್ನೊಂದು ಆತಂಕವೂ ಇದೆ. ವಿಮಾನದ ತಗಡಿನಲ್ಲಿ ಗಟ್ಟಿ ಮಿಶ್ರಲೋಹದ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಇರುತ್ತದೆ. 0.8 ಮಿಲಿಮೀಟರ್ ತಗಡಿನಲ್ಲಿ ಅದು ಒಂದು ಬದಿಗೆ ಸುಮಾರು 0.04 ಮಿಲಿಮೀಟರ್. ಒರಟು ಕಾಗದದಿಂದ ಉಜ್ಜಿದರೆ ಅದೇ ಹೋಗಿಬಿಡುತ್ತದೆ, ಆಮೇಲೆ ಒಳಗಿನ ಲೋಹ ಬೇಗ ಸವೆಯುತ್ತದೆ. ಹಾಲಿನ ಕ್ಯಾನಿಗೆ ಇಂಥ ಹೊದಿಕೆ ಇಲ್ಲದ್ದರಿಂದ ನಮಗೆ ಆ ಚಿಂತೆಯಿಲ್ಲ. ಗಡಸು ಬೂದುಬಣ್ಣದ ‘ಆನೊಡೈಸ್ಡ್’ ಕುಕ್ಕರ್, ಬಾಣಲೆಗಳನ್ನು ಮಾತ್ರ ಉಜ್ಜಿ ಹೊಳೆಸಲು ಹೋಗಬೇಡಿ. ಆ ಬೂದು ಪದರಕ್ಕೇ ನೀವು ದುಡ್ಡು ಕೊಟ್ಟಿರುವುದು.

ಹೊಳಪಿನ ಗುಟ್ಟು

ಹೊಳಪು ಎಂದರೆ ಸಮತಟ್ಟು, ಅಷ್ಟೇ. ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತಿರಹತ್ತಿರ 90 ಪಾಲು ಹಿಂದಿರುಗಿಸುತ್ತದೆ. ಗೀರುಗಳಿದ್ದರೆ ಆ ಬೆಳಕು ಚೆದುರಿ ಮಂಕಾಗಿ ಕಾಣುತ್ತದೆ. ಆದ್ದರಿಂದ ಪಾಲಿಶ್ ಎನ್ನುವುದು ದೊಡ್ಡ ಗೀರನ್ನು ಸಣ್ಣ ಗೀರಾಗಿ, ಅದನ್ನು ಇನ್ನೂ ಸಣ್ಣದಾಗಿ ಬದಲಿಸುತ್ತಾ ಹೋಗುವ ಕೆಲಸ. ಹಿಂದೆ ಮನೆಗಳಲ್ಲಿ ಪಾತ್ರೆ ಉಜ್ಜುತ್ತಿದ್ದ ಇಟ್ಟಿಗೆ ಪುಡಿಯೂ (ಮಾಲೂರಿನವರಿಗೆ ಅದಕ್ಕೇನು ಬರ) ಇದನ್ನೇ ಮಾಡುತ್ತಿತ್ತು, ಆದರೆ ಕಣಗಳು ಒಂದೇ ಗಾತ್ರದವಲ್ಲವಾದ್ದರಿಂದ ಕನ್ನಡಿ ಹೊಳಪು ಬರುವುದಿಲ್ಲ.

ಮೊದಲು ಸೋಪುನೀರಿನಲ್ಲಿ ಜಿಡ್ಡು ತೆಗೆಯಿರಿ. ಕಲೆ ಇರುವ ಕಡೆ ಹುಣಸೆಹಣ್ಣಿನ ರಸ ಹಚ್ಚಿ ಹತ್ತು ನಿಮಿಷದಲ್ಲಿ ತೊಳೆದುಬಿಡಿ. ಶ್ರೀನಿವಾಸಪುರದ ಕಡೆ ಮಾವಿನಕಾಯಿ ಸಿಪ್ಪೆಗೆ ಕೊರತೆಯಿಲ್ಲದ ದಿನಗಳಲ್ಲಿ ಅದೂ ನಡೆಯುತ್ತದೆ. ಆಮೇಲೆ ಪೇಂಟರುಗಳು ‘ವಾಟರ್ ಪೇಪರ್’ ಎನ್ನುವ ಕಾಗದವನ್ನು ಒದ್ದೆ ಮಾಡಿಕೊಂಡು 400, 600, 1000, 2000 ಹೀಗೆ ಏರುತ್ತಾ ಹೋಗಿ. ಪ್ರತಿ ಸಲ ಹಿಂದಿನ ದಿಕ್ಕಿಗೆ ಅಡ್ಡವಾಗಿ ಉಜ್ಜಿದರೆ ಹಳೆಯ ಗೀರು ಹೋಯಿತೋ ಇಲ್ಲವೋ ಕಾಣುತ್ತದೆ. ದೊಡ್ಡ ಗೀರುಗಳಿಲ್ಲದಿದ್ದರೆ 400ರಿಂದ ಶುರು ಮಾಡುವ ಅಗತ್ಯವೇ ಇಲ್ಲ. ಕೊನೆಗೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಮೆಟಲ್ ಪಾಲಿಶ್. ತಗ್ಗುಗಳನ್ನು ಬಡಿದು ಸರಿಮಾಡಲು ಹೋಗಬೇಡಿ, ಇಷ್ಟು ವರ್ಷ ಲಾರಿಯಿಂದ ಇಳಿದು ಹತ್ತಿದ ಗುರುತು ಅವು.

ಬಫಿಂಗ್ ಯಂತ್ರ ಬಳಸಿದರೆ ಕೆಲಸ ಬೇಗ ಆಗುತ್ತದೆ. ಕೈಗವಸು, ಸಡಿಲ ತೋಳು, ಸೆರಗು ತಿರುಗುವ ಚಕ್ರಕ್ಕೆ ಸಿಕ್ಕದಂತೆ ನೋಡಿಕೊಳ್ಳಿ. ಕಬ್ಬಿಣ ಸಾಣೆ ಹಿಡಿಯುವ ಕಲ್ಲಿಗೆ ಅಲ್ಯೂಮಿನಿಯಂ ಒತ್ತಬಾರದು. ಮೆತ್ತನೆ ಲೋಹ ಕಲ್ಲಿನ ರಂಧ್ರಗಳಲ್ಲಿ ತುಂಬಿಕೊಂಡು ಬಿಸಿಯಾಗಿ ಕಲ್ಲು ಸಿಡಿಯಬಹುದು. ದೂಳು ಕೂಡ ನಿರಪಾಯಿಯಲ್ಲ. ಚೀನಾದ ಕುನ್‌ಶಾನ್‌ನಲ್ಲಿ 2014ರ ಆಗಸ್ಟ್ 2ರಂದು ಅಲ್ಯೂಮಿನಿಯಂ ಚಕ್ರಗಳಿಗೆ ಪಾಲಿಶ್ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಆ ದೂಳೇ ಸ್ಫೋಟಿಸಿ ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಮನೆಯಂಗಳದಲ್ಲಿ ಒಂದು ಕ್ಯಾನು ಕೈಯಲ್ಲಿ ತಿಕ್ಕುವುದಕ್ಕೆ ಈ ಭಯ ಬೇಕಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ದಿನವಿಡೀ ಬಫಿಂಗ್ ನಡೆಯುವಲ್ಲಿ ಇದು ಮೊದಲು ಯೋಚಿಸಬೇಕಾದ ವಿಷಯ.

ಅದರಲ್ಲಿ ಮತ್ತೆ ಹಾಲು ಹಾಕಬಹುದೇ?

ಗುಜರಿಯಿಂದ ತಂದು, ಬಣ್ಣ ಕೆರೆದು, ಪಾಲಿಶ್ ಹಚ್ಚಿದ ಕ್ಯಾನಿನಲ್ಲಿ ಬೇಡ. ಹಿಂದೆ ಅದರಲ್ಲಿ ಏನಿತ್ತೋ ಗೊತ್ತಿಲ್ಲ, ಗೀರುಗಳಲ್ಲಿ ಪಾಲಿಶ್ ಉಳಿದಿರುತ್ತದೆ. ಬಳಕೆಯಲ್ಲಿರುವ ಕ್ಯಾನಿನ ಒಳಗನ್ನು ಹೊಳೆಸುವ ಉಮೇದೂ ಒಳ್ಳೆಯದಲ್ಲ.

ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತದೆ ಎನ್ನುವ ಮಾತು ಬೇರೆ. ಈ ಅನುಮಾನ 1960ರ ದಶಕದಿಂದ ಇದ್ದರೂ ಪಾತ್ರೆಯ ಅಲ್ಯೂಮಿನಿಯಂ ಆಲ್ಜೈಮರ್ಸ್‌ಗೆ ಕಾರಣ ಎಂದು ಸಾಬೀತಾಗಿಲ್ಲ. ಎಲ್ಲ ಮೂಲಗಳಿಂದ ಸೇರಿ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂವರೆಗೆ ಸೇವನೆಯನ್ನು ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ತಜ್ಞ ಸಮಿತಿ 2011ರಲ್ಲಿ ಒಪ್ಪಿದೆ. 60 ಕಿಲೋ ತೂಕದವರಿಗೆ ಇದು 120 ಮಿಲಿಗ್ರಾಂ. ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂನಲ್ಲಿ ರಾತ್ರಿಯೆಲ್ಲ ಇಡದಿದ್ದರೆ ಸಾಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಬೇಕು, ಏಕೆಂದರೆ ದೇಹದಿಂದ ಅಲ್ಯೂಮಿನಿಯಂ ಹೊರಹೋಗುವುದು ಮೂತ್ರಪಿಂಡದ ಮೂಲಕ.

ಹೊಳಪು ಉಳಿಸಿಕೊಳ್ಳುವುದು

ಮಂಗಳೂರಿನ ಉಪ್ಪು ಗಾಳಿಯಲ್ಲಿ ಬೇಗ ಮಂಕಾಗುವ ಲೋಹ ಮುಳಬಾಗಿಲಿನ ಒಣ ಹವೆಯಲ್ಲಿ ಹೆಚ್ಚು ದಿನ ಹೊಳೆಯುತ್ತದೆ. ಕಾರಿಗೆ ಹಚ್ಚುವ ಮೇಣವನ್ನು ಕೆಲವು ತಿಂಗಳಿಗೊಮ್ಮೆ ಹಚ್ಚಿದರೆ ಮತ್ತೆ ಮತ್ತೆ ತಿಕ್ಕುವ ಕೆಲಸ ತಪ್ಪುತ್ತದೆ. ಹೊಸ ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡಬೇಡಿ, ಒದ್ದೆ ಸಿಮೆಂಟೂ ಬಲವಾದ ಕ್ಷಾರ, ತಳ ತಿನ್ನುತ್ತದೆ. ಹೂಕುಂಡ ಮಾಡುವುದಾದರೆ ಒಳಗೊಂದು ಪ್ಲಾಸ್ಟಿಕ್ ಕುಂಡ ಇಳಿಸಿ ಅದರಲ್ಲಿ ಮಣ್ಣು ತುಂಬಿ. ಟೊಮೇಟೊ, ದ್ರಾಕ್ಷಿಗೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಆ ಬಕೆಟ್ಟು ಕ್ಯಾನಿನ ಹತ್ತಿರವೂ ಬರಬಾರದು. ಅದರಲ್ಲಿರುವುದು ಸುಣ್ಣ ಮತ್ತು ಮೈಲುತುತ್ತ. ಸುಣ್ಣ ಕವಚ ಕರಗಿಸುತ್ತದೆ, ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ತೂತೇ ಕೊರೆಯುತ್ತದೆ.