ರೋಮನ್ ಸಿಪಾಯಿಯ ಸಂಬಳ, ನಮ್ಮ ಮಣ್ಣಿನಲ್ಲಿ

ಹಂದನಕೆರೆಯಿಂದ ಹುಳಿಯಾರು, ಹಿರಿಯೂರು ಹಾದು ಚಿತ್ರದುರ್ಗ ತಲುಪಿದರೆ ಕೋಟೆಬೆಟ್ಟದ ಮಗ್ಗುಲಲ್ಲೇ ಚಂದ್ರವಳ್ಳಿ. ಶಾಸನಾಸಕ್ತರಿಗೆ ಅದು ಗೊತ್ತಿರುವುದು ಕದಂಬ ಮಯೂರಶರ್ಮನ ಕೆರೆ ಶಾಸನದಿಂದ. ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯ ಇನ್ನೊಂದು ಬಗೆಯ ಬರಹವೂ ಅಲ್ಲಿನ ಮಣ್ಣಿನಲ್ಲಿ ಸಿಕ್ಕಿದೆ: ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಹೆಸರಿನ ಬೆಳ್ಳಿ ನಾಣ್ಯಗಳು. ಇವುಗಳಿಗೆ ಡಿನೇರಿಯಸ್ ಎಂದು ಹೆಸರು. ನಾಣ್ಯವೂ ಅಂಗೈಯಗಲದ ಶಾಸನವೇ ಅಲ್ಲವೆ? ಹಾಗಾದರೆ ಅದು ಯಾರ ಕಥೆ ಹೇಳುತ್ತೆ ಅಂತ ನೋಡೋಣ.

ರೋಮನ್ ಸೈನ್ಯದ ಮುಖ್ಯ ಘಟಕ ಲೀಜನ್, ಅಂದರೆ ಸುಮಾರು 5000 ಕಾಲಾಳುಗಳ ದಳ. ಕ್ರಿ.ಪೂ. 32-31ರಲ್ಲಿ ಆಕ್ಟೇವಿಯನ್ (ಮುಂದೆ ಇವನೇ ಆಗಸ್ಟಸ್) ವಿರುದ್ಧ ಯುದ್ಧಕ್ಕೆ ನಿಂತ ಮಾರ್ಕ್ ಆಂಟನಿ, ತನ್ನ ದಳಗಳಿಗೆ ಸಂಬಳ ಕೊಡಲು ಒಂದು ವಿಶೇಷ ಸರಣಿಯನ್ನೇ ಟಂಕಿಸಿದ. ಒಂದು ಮುಖದಲ್ಲಿ ಯುದ್ಧದ ಹಡಗು. ಇನ್ನೊಂದರಲ್ಲಿ ಎರಡು ಧ್ವಜಸ್ತಂಭಗಳ ನಡುವೆ ಹದ್ದು, ಕೆಳಗೆ ಆಯಾ ಲೀಜನ್ನಿನ ಸಂಖ್ಯೆ. ಸಿಪಾಯಿಯ ಕೈಗೆ ಅವನದೇ ದಳದ ಗುರುತಿರುವ ದುಡ್ಡು!

ಆದರೆ ದಕ್ಷಿಣ ಭಾರತದ ನಿಧಿಗಳಲ್ಲಿ ತುಂಬಿರುವುದು ಈ ನಾಣ್ಯಗಳಲ್ಲ. ಕಾರಣ ಸರಳ, ಅವುಗಳ ಬೆಳ್ಳಿ ಕಲಬೆರಕೆ. ಆಂಟನಿ ಬೆಳ್ಳಿಗೆ ಕಬ್ಬಿಣ ಬೆರೆಸಿದ ಎಂದು ಪ್ಲಿನಿ ದೂರಿದ್ದಾನೆ. ನಿಜವಾಗಿ ಬೆರೆಸಿದ್ದು ತಾಮ್ರ. ಯಾರೂ ಕೂಡಿಡಲು ಬಯಸದ ಈ ದುಡ್ಡು ರೋಮನ್ ಸಾಮ್ರಾಜ್ಯದೊಳಗೇ ಇನ್ನೂರು ವರ್ಷ ಕೈಯಿಂದ ಕೈಗೆ ಓಡಾಡುತ್ತಾ ಸವೆಯಿತು. ಇಲ್ಲಿನ ವರ್ತಕರಿಗೆ ಬೇಕಾಗಿದ್ದು ತೂಕ ಮತ್ತು ಶುದ್ಧತೆ. ಸಿಂಹಳದ ರಾಜನೊಬ್ಬ ಬೇರೆ ಬೇರೆ ಮುಖಗಳಿದ್ದರೂ ಡಿನೇರಿಯಸ್‌ಗಳ ತೂಕ ಒಂದೇ ಇರುವುದನ್ನು ಕಂಡು ಮೆಚ್ಚಿದ ಎಂದು ಅದೇ ಪ್ಲಿನಿ ಬರೆದಿದ್ದಾನೆ.

ಹಾಗಂತ ಸೈನ್ಯ ನಮ್ಮತ್ತ ಬರಲೇ ಇಲ್ಲ ಅನ್ನಬೇಡಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಆಗಸ್ಟಸ್ ನಾಣ್ಯದ ಹಿಂಬದಿ ನೋಡಿ: ಗುರಾಣಿ, ಈಟಿಗಳ ಜೊತೆ ನಿಂತ ಇಬ್ಬರು ಹುಡುಗರು. ಅವರು ಅವನ ಮೊಮ್ಮಕ್ಕಳು, ದತ್ತುಪುತ್ರರು ಕೂಡ: ಗೈಯಸ್ ಮತ್ತು ಲೂಸಿಯಸ್. ಇದು ಟಂಕಿತವಾದದ್ದು ಇಂದಿನ ಫ್ರಾನ್ಸಿನ ಲಿಯಾನ್ ನಗರದಲ್ಲಿ. ರೈನ್ ನದಿಯ ಗಡಿ ಕಾಯುತ್ತಿದ್ದ ದಳಗಳಿಗೆ ಸಂಬಳ ಹೋಗುತ್ತಿದ್ದುದೂ ಇಂಥ ನಾಣ್ಯದಲ್ಲೇ. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ 17, 18, 19ನೇ ಲೀಜನ್‌ಗಳು ನಿರ್ನಾಮವಾದವು. ಆ ಸಂಖ್ಯೆಗಳನ್ನು ರೋಮ್ ಮತ್ತೆ ಯಾವ ದಳಕ್ಕೂ ಕೊಡಲಿಲ್ಲ. ಆ ಕದನದ ಕುರುಹುಗಳು ದೊರೆತ ಕಾಲ್ಕ್ರೀಸೆಯಲ್ಲೂ ಇದೇ ಹುಡುಗರ ನಾಣ್ಯಗಳು ಸಿಕ್ಕಿವೆ.

ಈಗ ಒಂದು ಲೆಕ್ಕ. ಆಗಸ್ಟಸ್ ಕಾಲದಲ್ಲಿ ಲೀಜನ್ ಸಿಪಾಯಿಯ ವರ್ಷದ ಸಂಬಳ 225 ಡಿನೇರಿಯಸ್, ಮೂರು ಕಂತಿನಲ್ಲಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ನಿಧಿಯಲ್ಲಿದ್ದದ್ದು 163 ನಾಣ್ಯ, ಅಂದರೆ ಒಬ್ಬ ಸಿಪಾಯಿಯ ಸುಮಾರು ಒಂಬತ್ತು ತಿಂಗಳ ದುಡಿಮೆ. 1965ರಲ್ಲಿ ಎಚ್.ಎ.ಎಲ್. ಬಳಿ ಸಿಕ್ಕಿದ್ದು 256, ವರ್ಷದ ಸಂಬಳಕ್ಕಿಂತ ತುಸು ಹೆಚ್ಚು. ಅಷ್ಟು ದುಡ್ಡು ಮೆಣಸು, ಬಟ್ಟೆ, ರತ್ನಗಳ ವ್ಯಾಪಾರದ ದಾರಿ ಹಿಡಿದು ಬಂದು, ಇಲ್ಲಿ ಯಾರದೋ ಗಂಟಾಗಿ ಮಣ್ಣು ಸೇರಿತು.

ರೋಮ್ ದಳಕ್ಕೆ ಸಂಖ್ಯೆ ಕೊಟ್ಟು ಅದನ್ನು ಲೋಹದಲ್ಲಿ ಒತ್ತಿತು. ನಮ್ಮವರು ಸತ್ತ ವೀರನ ಹೆಸರನ್ನೇ ಕಲ್ಲಿನಲ್ಲಿ ಕೊರೆದು ಊರ ಮುಂದೆ ನಿಲ್ಲಿಸಿದರು. ಆದ್ದರಿಂದಲೇ ವೀರಗಲ್ಲು ನಿಂತಲ್ಲೇ ಮಾತಾಡುತ್ತೆ. ನಾಣ್ಯ ಹಾಗಲ್ಲ. ಅದರ ಅರ್ಧ ಕಥೆ ಇರುವುದು ಸಿಕ್ಕ ಜಾಗದಲ್ಲಿ, ಜೊತೆಗಿದ್ದ ಮಡಕೆಯಲ್ಲಿ, ಒಟ್ಟು ಎಣಿಕೆಯಲ್ಲಿ. ಗಂಟಿನಲ್ಲಿರುವ ತೀರಾ ಹೊಸ ನಾಣ್ಯ ಯಾವುದೋ, ಹೂತಿಟ್ಟದ್ದು ಅದರ ಕಾಲದಲ್ಲಿ ಅಥವಾ ಆಮೇಲೆ. ಹತ್ತು ನಾಣ್ಯ ಮಾಯವಾದರೂ ಮೇಲಿನ ಲೆಕ್ಕ ತಪ್ಪುತ್ತೆ; ಆ ಹೊಸ ನಾಣ್ಯ ಒಂದು ಹೋದರೆ ಕಾಲವೇ ತಪ್ಪುತ್ತೆ.

ತೆಂಗಿನ ಸಸಿಗೆ ಗುಂಡಿ ತೆಗೆಯುವಾಗಲೋ, ಕೆರೆ ಹೂಳು ಎತ್ತುವಾಗಲೋ ನಾಣ್ಯ ಕಂಡರೆ ದಯವಿಟ್ಟು ತಿಕ್ಕಿ ತೊಳೆಯಬೇಡಿ, ಅಕ್ಕಸಾಲಿಗನ ಹತ್ತಿರ ಒಯ್ಯಬೇಡಿ. ಇದ್ದಲ್ಲೇ ಫೋಟೋ ತೆಗೆದು, ಜಾಗ ಗುರುತಿಟ್ಟು, ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ. ಕರಗಿಸಿದರೆ ಉಳಿಯುವುದು ನಾಲ್ಕು ಗ್ರಾಂ ಕೂಡ ತೂಗದ ಬೆಳ್ಳಿ ಮಾತ್ರ.