667, 800, 5300... ಲ್ಯಾಪ್‌ಟಾಪ್ ಮೆಮೊರಿ ಅಂಕಿಗಳ ಕತೆ

ಮೊನ್ನೆ ಕೆ.ಆರ್.ನಗರದಿಂದ ನೆಂಟರ ಹುಡುಗ ಬಂದಿದ್ದ. "ಅಣ್ಣ, ಲ್ಯಾಪ್‌ಟಾಪ್ ತುಂಬಾ ನಿಧಾನ. 3200ರ ರ‍್ಯಾಮ್ ಹಾಕ್ಸಿದ್ರೆ ಸ್ಪೀಡಾಗುತ್ತಂತಲ್ಲ?" ಅಂದ. ನನಗೆ 2009 ನೆನಪಾಯ್ತು.

ನಮ್ಮೂರು ಪಿರಿಯಾಪಟ್ಟಣದ ಹತ್ತಿರ. ಹುಣಸೂರು, ಹೆಚ್.ಡಿ.ಕೋಟೆ ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮಲ್ಲೂ ದುಡ್ಡಿನ ಮುಖ ಕಾಣುತ್ತಿದ್ದದ್ದು ಹೊಗೆಸೊಪ್ಪು ಹರಾಜಾದ ಮೇಲೆಯೇ. ಆ ಸಲ ಅಪ್ಪ ಎಣಿಸಿ ಎಣಿಸಿ ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಮೈಸೂರು ಬಸ್ ಹತ್ತಿದೆ. ನನ್ನದು 2007ರ ಲ್ಯಾಪ್‌ಟಾಪ್, ಇಂಟೆಲ್ 965 ಚಿಪ್‌ಸೆಟ್‌ನದು. ಒಳಗಿದ್ದದ್ದು 512 ಎಂಬಿ, ಡಿಡಿಆರ್2-667. ಅಂಗಡಿಯಲ್ಲಿ 667ರದೂ ಇತ್ತು, 800ರದೂ ಇತ್ತು. ದೊಡ್ಡ ಅಂಕಿ ಅಂದ್ರೆ ಹೆಚ್ಚು ವೇಗ ತಾನೇ? 400 ರೂಪಾಯಿ ಜಾಸ್ತಿ ಕೊಟ್ಟು 800ರ 1 ಜಿಬಿ ತಂದೆ. ಇನ್ನಷ್ಟು ಸೇರಿಸಿದ್ದರೆ 667ರ 2 ಜಿಬಿಯೇ ಬರುತ್ತಿತ್ತು.

ಮನೆಗೆ ಬಂದು ಹಾಕಿ ನೋಡ್ತೀನಿ... ಅದೂ 667ರಲ್ಲೇ ಓಡ್ತಿದೆ! ಅಪ್ಪನಿಗೆ ಹೇಳಲಿಲ್ಲ.

ಆಮೇಲೆ ತಿಳಿದದ್ದು ಇದು. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಎಸ್‌ಪಿಡಿ ಅನ್ನೋ ಪುಟ್ಟ ಚಿಪ್ ಇರುತ್ತದೆ. 'ನಾನು ಇಷ್ಟು ವೇಗ ಓಡಬಲ್ಲೆ' ಅಂತ ಅದರಲ್ಲಿ ಬರೆದಿರುತ್ತದೆ. ಯಂತ್ರ ಆನ್ ಆದಾಗ ಬಯಾಸ್ ಅದನ್ನು ಓದಿ, ಪಟ್ಟಿಗಳೂ ಚಿಪ್‌ಸೆಟ್ಟೂ ಎಲ್ಲಾ ತಾಳುವ ವೇಗಕ್ಕೆ ಇಳಿಸುತ್ತದೆ. ಜೋಡೆತ್ತಿನ ಗಾಡಿ ನಿಧಾನದ ಎತ್ತಿನ ನಡಿಗೆಗೇ ಸಾಗೋದಲ್ವಾ, ಹಾಗೆ. 965ರ ಮಿತಿಯೇ 667.

ಈ ಅಂಕಿಗಳು ಮೊದಲಿಂದಲೂ ಹೀಗೆ ಗೊಂದಲವಾಗಿರಲಿಲ್ಲ. 1998ರ ಪಿಸಿ100 ಅಂದ್ರೆ 100 ಮೆಗಾಹರ್ಟ್ಸ್, ಅಷ್ಟೇ. ಆಮೇಲೆ ರ‍್ಯಾಂಬಸ್ ಮೆಮೊರಿ 'ಪಿಸಿ800' ಅನ್ನೋ ಹೆಸರಲ್ಲಿ ಬಂತು. ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುವ ಡಿಡಿಆರ್‌ನ ಅಂಕಿ ಆಗ 200, 266. ಪಕ್ಕದಲ್ಲಿಟ್ಟರೆ ಬಡಕಲು! ಅದಕ್ಕೇ ಅವರು 266ನ್ನು 8 ಬೈಟ್‌ಗಳಿಂದ ಗುಣಿಸಿ 'ಪಿಸಿ2100' ಅಂತ ಕರೆದರು. ಸೆಕೆಂಡಿಗೆ 2100 ಮೆಗಾಬೈಟ್ ಅನ್ನೋ ಲೆಕ್ಕ. ಅಂಗಡಿಯವರ ಪೈಪೋಟಿಗೆ ಹುಟ್ಟಿದ ಆ ಹೆಸರೇ ನಮ್ಮ ತಲೆ ಕೆಡಿಸಿದ್ದು. ನನ್ನ 667ರ ಚೀಟಿಯ ಮೇಲಿದ್ದ 'ಪಿಸಿ2-5300' ಕೂಡ ಅದೇ ವಂಶದ್ದು.

ಇನ್ನೊಂದು ತಮಾಷೆ. ಕೇಳಿದ ಮಾಹಿತಿ ಹೊರಡಲು ಮೆಮೊರಿ ಕಾಯಿಸುವ ಹೊತ್ತು ಅಷ್ಟು ಕಡಿಮೆಯಾಗೇ ಇಲ್ಲ. ಡಿಡಿಆರ್2-667, ಸಿಎಲ್5 ಆದರೆ 15 ನ್ಯಾನೋಸೆಕೆಂಡ್. ಡಿಡಿಆರ್4-2400, ಸಿಎಲ್17 ಆದರೆ ಸುಮಾರು 14. 2020ರಲ್ಲಿ ಮಾನಕವಾದ ಡಿಡಿಆರ್5ರ 4800, ಸಿಎಲ್40 ತಗೊಂಡ್ರೆ ಹದಿನಾರೂವರೆ ದಾಟುತ್ತದೆ! ರಸ್ತೆ ಅಗಲವಾಯ್ತು, ಬಸ್ ಹೊರಡೋದು ಮಾತ್ರ ಅದೇ ಹೊತ್ತಿಗೆ.

ವೇಗಕ್ಕಿಂತ ದೊಡ್ಡ ಗುಂಡಿ ವೋಲ್ಟೇಜಿನದು. ಡಿಡಿಆರ್3 1.5 ವೋಲ್ಟ್, ಡಿಡಿಆರ್3ಎಲ್ 1.35. ಎರಡಕ್ಕೂ 204 ಪಿನ್ನು, ಕಚ್ಚೂ ಒಂದೇ ಜಾಗದಲ್ಲಿ. ಆದರೆ 2013ರ ಹ್ಯಾಸ್ವೆಲ್ ಲ್ಯಾಪ್‌ಟಾಪ್‌ಗಳಿಗೆ 1.35ರದೇ ಬೇಕು. ಸೆಕೆಂಡ್ ಹ್ಯಾಂಡ್ ತರುವವರು ಚೀಟಿಯಲ್ಲಿ 'ಎಲ್' ಇದೆಯಾ ನೋಡಿಕೊಳ್ಳಿ.

ಹುಡುಗನ ಲ್ಯಾಪ್‌ಟಾಪ್ ಮಗುಚಿ ತಿರುಪು ಬಿಚ್ಚಿದೆವು. ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತೆ, ಪುಣ್ಯಕ್ಕೆ ಇದರಲ್ಲಿ ಎರಡು ಸ್ಲಾಟ್ ಇತ್ತು. ಐ5-8250ಯು, ಮಿತಿ 2400. ಒಂದು ಸ್ಲಾಟಲ್ಲಿ 4 ಜಿಬಿ, ಇನ್ನೊಂದು ಖಾಲಿ.

"8 ಜಿಬಿ ತಗೋ, ಡಿಡಿಆರ್4. 2400 ಸಾಕು. 3200ರದೇ ಅಗ್ಗಕ್ಕೆ ಸಿಕ್ಕಿದ್ರೂ ಪರವಾಗಿಲ್ಲ, ತಾನಾಗೇ ಇಳಿಯುತ್ತೆ. ಅದಕ್ಕಂತ ಜಾಸ್ತಿ ದುಡ್ಡು ಮಾತ್ರ ಕೊಡ್ಬೇಡ" ಅಂದೆ. 2025ರ ಕೊನೆಗೆ ಎಐ ಸರ್ವರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏರಿದ್ದು ಅವನಿಗೂ ಗೊತ್ತಿತ್ತು.

"ಹಳೇದು?"

"ತೆಗೀಬೇಡ, ಅಲ್ಲೇ ಇರ್ಲಿ. ಎರಡೂ ಸ್ಲಾಟ್ ತುಂಬಿದ್ರೆ ಎರಡು ದಾರಿ ಸಿಗುತ್ತೆ."